ಬಿಳಿ ಸ್ವೆಟರಿನ ಕರಿ ಎಳೆ

ಮೂವತ್ತೊಂದು ವರ್ಷ ಇಂಗ್ಲಿಷ್ ಮಿಸ್ ಆಗಿ ಕೆಂಪು ಇಂಕಿನಲ್ಲಿ ತಪ್ಪಿಗೆ ಸುತ್ತು ಹಾಕಿದವಳು ನಾನು, ಕುಸುಮಾ. ರಿಟೈರ್ ಆದರೂ ಚಾಳಿ ಬಿಟ್ಟಿಲ್ಲ. ಮದುವೆ ಪತ್ರಿಕೆ ಬಂದರೂ ಮೊದಲು ಕಾಗುಣಿತ ನೋಡುತ್ತೇನೆ. ಆ ಹಾಳು ಚಾಳಿಯಿಂದ ದಾನಮ್ಮನವರಿಗೆ ಮಾಡಿದ್ದನ್ನು ನೆನೆದರೆ ಮುಖ ಎಲ್ಲಿಟ್ಟುಕೊಳ್ಳಲಿ ಅನಿಸುತ್ತದೆ.

ಕುರುಬರಹಳ್ಳಿಯ ಹಳೇ ಮನೆ ಬಿಟ್ಟು ನಾವು ಬಸವೇಶ್ವರನಗರಕ್ಕೆ ಬಂದು ಎರಡು ವರ್ಷ. ದಾನಮ್ಮ ಎದುರು ಮನೆಯವರು, ರಾಣೆಬೆನ್ನೂರು ಕಡೆಯವರು. ಗಂಡನ ಕೆಲಸದ ಹಿಂದೆ ಇಲ್ಲಿಗೆ ಬಂದು ನಲವತ್ತು ವರ್ಷವಾದರೂ ಮಾತು ಮಾತ್ರ ಆ ಕಡೆಯದೇ. ಬೀದಿಯಲ್ಲಿ ಯಾರಿಗೆ ಏಳು ತಿಂಗಳು ತುಂಬಿದರೂ ಸರಿ, ಮೆಟ್ಟಿಲ ಮೇಲೆ ಕೂತು ಸ್ವೆಟರ್ ಶುರು ಮಾಡುತ್ತಾರೆ. ಪುಸ್ತಕ ಇಲ್ಲ, ಟೇಪು ಇಲ್ಲ. 'ಒಂದು ಸೀದಾ, ಒಂದು ಉಲ್ಟಾ' ಎಂದು ಗೊಣಗುತ್ತಾ ಕಡ್ಡಿ ಆಡಿಸುವುದೇ. ಇವತ್ತು ಬುರ್ರೆಂದು ಬೈಕ್ ಓಡಿಸುವ ಹುಡುಗರೆಲ್ಲ ಒಂದು ಕಾಲಕ್ಕೆ ಅವರ ಸ್ವೆಟರಿನೊಳಗೆ ಮಲಗಿದ್ದವರು.

ನನ್ನ ಮೊಮ್ಮಗಳಿಗೂ ಒಂದು ಬಂತು, ಹಾಲಿನಂಥ ಬಿಳಿ. ಸೊಸೆ ಚೈತ್ರ ಬಾಣಂತನಕ್ಕೆ ವಿಜಯನಗರದ ತವರಲ್ಲಿದ್ದಳು, ಹಾಗಾಗಿ ಅದು ನನ್ನ ಬೀರುವಿನಲ್ಲೇ ಇತ್ತು. ಒಂದು ದಿನ ತೆಗೆದು ನೋಡಿದರೆ ಕೆಳಗಿನ ಅಂಚಿನಲ್ಲಿ ಒಂದೇ ಒಂದು ಕರಿ ಎಳೆ. ಪಾಪ, ವಯಸ್ಸಾಯಿತು, ಕಣ್ಣು ಮಂಜಾಗಿದೆ ಅಂದುಕೊಂಡೆ. ಉಗುರು ಕತ್ತರಿಯಲ್ಲಿ ಅದನ್ನು ಕತ್ತರಿಸಿ, ಬಿಳಿ ದಾರ ಹಾಕಿ ಹೊಲಿದುಬಿಟ್ಟೆ.

ಡಿಸೆಂಬರಿನಲ್ಲಿ ಮಹಿಳಾ ಮಂಡಳಿಯವರು ದಾನಮ್ಮನವರಿಗೆ ಸನ್ಮಾನ ಇಟ್ಟುಕೊಂಡರು. ಭಾಷಣ ನನ್ನದು. ಸಿಕ್ಕಿದ್ದೇ ಛಾನ್ಸು ಅಂತ ನನ್ನ ಇಂಗ್ಲಿಷ್ ಬಿಚ್ಚಿದೆ. ಸ್ವೆಟ್ ಅಂದರೆ ಬೆವರು. ಓಟಗಾರರು ಮೈ ಬೆವರಿಸಿ ತೂಕ ಇಳಿಸಲು ಹಾಕುತ್ತಿದ್ದ ದಪ್ಪ ಅಂಗಿಗೆ ಸ್ವೆಟರ್ ಅನ್ನುತ್ತಿದ್ದರು, ಕುದುರೆಗೂ ಹೊದಿಸುತ್ತಿದ್ದರು, ಆಳುಗಳ ಬೆವರು ಹಿಂಡುವ ಯಜಮಾನನಿಗೂ ಅದೇ ಹೆಸರಿತ್ತು ಎಂದೆ. ಚಪ್ಪಾಳೆ ಬಿತ್ತು. ಅಲ್ಲಿಗೆ ಸುಮ್ಮನೆ ಕೂರಬಾರದಿತ್ತೇ? ಬ್ಯಾಗಿನಿಂದ ಆ ಸ್ವೆಟರ್ ತೆಗೆದು ಎತ್ತಿ ಹಿಡಿದೆ.

"ನಮ್ಮ ದಾನಮ್ಮನೋರಿಗೂ ಒಂದು ಮಾರ್ಕ್ಸ್ ಕಟ್! ತಪ್ಪನ್ನ ನಾನೇ ತಿದ್ದಿದೀನಿ."

ಹೊಸಬರು ನಕ್ಕರು. ಬೀದಿಯ ಹಳಬರು ಯಾರೂ ನಗಲಿಲ್ಲ. ಆಗ ಅದು ನನ್ನ ಕಣ್ಣಿಗೇ ಬೀಳಲಿಲ್ಲ.

ದಾನಮ್ಮ ಸ್ವೆಟರ್ ಇಸಕೊಂಡು ಅಂಚಿನ ಮೇಲೆ ಹೆಬ್ಬೆರಳಾಡಿಸಿದರು. ನಾನು ಹೊಲಿದ ಜಾಗ ಆಗಲೇ ಬಿಟ್ಟುಕೊಂಡು ಎರಡು ಸಾಲು ಬಿಚ್ಚಿತ್ತು.

"ಇಲ್ಲಿದ್ದ ಕರಿ ಎಳಿ ಎಲ್ಲೈತ್ರಿ ಅಕ್ಕೋರ?"

"ತಪ್ಪಾಗಿತ್ತಲ್ಲ, ತೆಗೆದುಬಿಟ್ಟೆ."

"ತಪ್ಪಲ್ರಿ. ಅದು ದೃಷ್ಟಿ ಬೊಟ್ಟು." ಧ್ವನಿ ತಗ್ಗಿಸಿದರು. "ನನ್ನ ಮೊದಲನೇ ಕೂಸಿಗೆ ಒಂದೂ ತಪ್ಪಿಲ್ದಂಗ ಹೆಣೆದಿದ್ದೆ. ಕಂಡೋರೆಲ್ಲ ಹೊಗಳಿದ್ರು. ಮೂರು ತಿಂಗಳಿಗೆ ಜ್ವರ ಬಂದು ಕೂಸು ಹೋತು. ಆವತ್ತಿಂದ ಎಲ್ಲಾ ಕೂಸಿಗೂ ಒಂದು ಕರಿ ಎಳಿ ಹಾಕತೇನ್ರಿ."

ನನ್ನ ಮೊಮ್ಮಗಳಿಗೂ ಅವತ್ತಿಗೆ ಮೂರೇ ತಿಂಗಳು. ಅಯ್ಯೋ, ನನ್ನ ನಾಲಿಗೆಗೆ ಬೆಂಕಿ ಹಾಕ! ಅಂಥ ಚಳಿಯಲ್ಲೂ ರವಿಕೆ ಬೆನ್ನಿಗೆ ಅಂಟಿಕೊಂಡಿತು. "ತಪ್ಪಾಯ್ತು ಕಣ್ರೀ" ಅಂದೆ.

"ಬಿಡ್ರಿ, ನಿಮಗೇನ್ ಗೊತ್ತಿತ್ತು," ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೊದಿಸಿದ ಶಾಲಿನಲ್ಲೇ, ಸನ್ಮಾನದ ಕುರ್ಚಿಯಲ್ಲೇ ಕೂತು ಚೀಲದಿಂದ ಕಡ್ಡಿ ತೆಗೆದರು. ಹಾಲ್ ತುಂಬ ಜನ ಕಾದರು. ಕರಿ ಉಲ್ಲನ್ ಮೂರು ಸಲ ಕಡ್ಡಿಯಿಂದ ಜಾರಿತು. ಎಳೆ ಕೂತ ಮೇಲೆ ಸ್ವೆಟರಿಗೇ ನೆಟಿಕೆ ಮುರಿದು ನನ್ನ ಮಡಿಲಿಗೆ ಹಾಕಿದರು.

ಚೈತ್ರ ಮಗುವನ್ನು ಕರೆದುಕೊಂಡು ಬಂದಿದ್ದಾಳೆ. ಮೊನ್ನೆ ಬೆಳಿಗ್ಗೆ ಸ್ವೆಟರ್ ತೊಡಿಸುತ್ತಾ, "ಅತ್ತೆ, ಇಲ್ಲೇನೋ ಕಪ್ಪಗೆ ಸೇರ್ಕೊಂಡಿದೆ, ಕತ್ರಿ ಎಲ್ಲಿದೆ?" ಅಂದಳು.

"ಮುಟ್ಟಬೇಡ ಕಣೇ!"

ನನ್ನ ಕಿರುಚಾಟಕ್ಕೆ ಮಗು ಬೆಚ್ಚಿ ಅಳತೊಡಗಿತು. ಯಾಕೆ ಎಂದು ಚೈತ್ರ ಎರಡು ಸಲ ಕೇಳಿದಳು. ಹೇಳಿದರೆ ನಾನೇ ಕತ್ತರಿಸಿದ್ದನ್ನೂ ಹೇಳಬೇಕು; ಉಗುರು ಕತ್ತರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಕೂಸು ಯಾಕ ಅಳಾಕತ್ತೈತ್ರಿ ಅಕ್ಕೋರ?" ಎದುರು ಮನೆಯ ಮೆಟ್ಟಿಲಿನಿಂದ ದಾನಮ್ಮ ಕೂಗಿದರು.

ನಾನು ಬಾಗಿಲ ಹಿಂದೆ ಸರಿದು ನಿಂತೆ.