ಗಾಳಿಕೋಟೆಯ ಆರನೆಯ ಭಾಗ

ಮೊನ್ನೆ ಭಾನುವಾರ ಬೆಳಗ್ಗೆ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದೆ. ಒಳಕೋಣೆಯಿಂದ ಧೊಪ್ಪೆಂದು ಸದ್ದು ಬಂತು. ಬೆಕ್ಕು ಏನೋ ಬೀಳಿಸಿತೆಂದು ಓಡಿದರೆ ತಮ್ಮನ ಮಗಳು ಮಂಚದ ಮೇಲೆ ಮುಖ ಊದಿಸಿಕೊಂಡು ಕೂತಿದ್ದಾಳೆ. ಇಟ್ಟಿಗೆ ಗಾತ್ರದ ಪುಸ್ತಕವೊಂದು ಗೋಡೆಗೆ ಬಡಿದು ನೆಲದ ಮೇಲೆ ಬೋರಲು ಬಿದ್ದಿದೆ. "ಏನಾಯ್ತೇ?" ಎಂದೆ. "ಮೂರು ವರ್ಷ ಕಾದಿದ್ದೆ ಅತ್ತೆ. ಕೊನೇ ಬುಕ್ಕಲ್ಲಿ ಎಲ್ಲಾ ಹಾಳು ಮಾಡಿಬಿಟ್ರು" ಎಂದಳು. ಕಣ್ಣಲ್ಲಿ ನೀರಿತ್ತು. ಅವಳ ಅಪ್ಪ ಪೇಪರಿನ ಹಿಂದಿನಿಂದಲೇ "ಕಥೆ ಪುಸ್ತಕಕ್ಕೆ ಇಷ್ಟೊಂದು ರಂಪಾನಾ?" ಎಂದ. ತಮ್ಮನಾದರೂ ಸರಿ, ಆ ಕ್ಷಣ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ನೀವೂ ಅವನ ಪಕ್ಷದವರೇ ಆಗಿದ್ದರೆ ಸ್ವಲ್ಪ ಕೂತು ಕೇಳಿ. ಕಥೆ ಪುಸ್ತಕದ ಕೊನೆಯ ಭಾಗವನ್ನು ಹಾಳು ಮಾಡುವವರ ಬಗ್ಗೆ ನನ್ನಲ್ಲಿ ನಲವತ್ತು ವರ್ಷಗಳಿಂದ ಶೇಖರವಾದ ತಿರಸ್ಕಾರವಿದೆ. ಅದನ್ನು ಇವತ್ತು ಖರ್ಚು ಮಾಡುತ್ತೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ 'ಗಾಳಿಕೋಟೆ' ಎಂಬ ಮಾಲೆ ಬರುತ್ತಿತ್ತು. ತೆಳು ರಟ್ಟು, ಒರಟು ಕಾಗದ, ಪುಟಕ್ಕೆ ಎರಡರಂತೆ ಮುದ್ರಣದ ತಪ್ಪು. ನೇಸರಿ ಎಂಬ ಕುರಿಗಾಹಿಯ ಮಗಳು ಅದರ ನಾಯಕಿ. ಗಾಳಿ ಅವಳೊಡನೆ ಮಾತಾಡುತ್ತದೆ. ಬೆಟ್ಟಗಳಾಚೆ ಗಾಳಿಕೋಟೆಯಲ್ಲಿ ಒಂದು ಗದ್ದುಗೆ ನೂರು ವರ್ಷದಿಂದ ಖಾಲಿ ಬಿದ್ದಿದೆ. ಕರಾಳದತ್ತನೆಂಬ ಮಾಂತ್ರಿಕ ಅದರ ಮೇಲೆ ಕಣ್ಣು ಹಾಕಿದ್ದಾನೆ. ಮೊದಲ ಭಾಗದಲ್ಲೇ ಗಾಳಿ ನೇಸರಿಯ ಕಿವಿಯಲ್ಲಿ ಹೇಳಿಬಿಡುತ್ತದೆ, ಆ ಗದ್ದುಗೆ ನಿನ್ನದು ಎಂದು. ಆಮೇಲಿನ ಪ್ರತಿ ಭಾಗದ ಕೊನೆಯ ಪುಟದಲ್ಲೂ ಅದೇ ಮಾತು. ಬರೆದ ಮಹಾಶಯರ ಹೆಸರು ಹೇಳುವುದಿಲ್ಲ. ಅವರಿಗೆ ಇನ್ನೊಬ್ಬ ಓದುಗ ಸಿಕ್ಕಿಬಿಟ್ಟಾನೆಂಬ ಭಯ ನನಗೆ.

ನನ್ನಪ್ಪ ದನದ ಆಸ್ಪತ್ರೆಯ ಕಾಂಪೌಂಡರ್. ಸರ್ಕಾರಕ್ಕೆ ಅವರ ಮೇಲೆ ಅದೆಂಥ ಪ್ರೀತಿಯೋ, ಒಂದೂರಿನ ಎಮ್ಮೆಗಳ ಗುರುತು ಹತ್ತುವಷ್ಟರಲ್ಲಿ ಇನ್ನೊಂದೂರಿಗೆ ಎತ್ತಿ ಹಾಕುತ್ತಿತ್ತು. ಹಾಗಾಗಿ ಗಾಳಿಕೋಟೆಯ ಒಂದೊಂದು ಭಾಗಕ್ಕೂ ನನ್ನ ನೆನಪಲ್ಲಿ ಒಂದೊಂದು ಊರಿದೆ. ಮೊದಲನೆಯದು ಚನ್ನಗಿರಿ, ಅಡಿಕೆ ಮಂಡಿಗಳ ಸಾಲಿನ ಕೊನೆಯ ಪುಸ್ತಕದಂಗಡಿಯಲ್ಲಿ ಅಪ್ಪನ ಅಂಗಿ ಜಗ್ಗಿ ಕೊಡಿಸಿಕೊಂಡದ್ದು. ಎರಡು, ಮೂರನೆಯವು ಹೊನ್ನಾಳಿಯ ಹೊಳೆಯ ಮೆಟ್ಟಿಲ ಮೇಲೆ, ಒಗೆಯಲು ತಂದ ಬಟ್ಟೆಯನ್ನು ನೆನೆಯಲು ಬಿಟ್ಟು ಓದಿದ್ದು. ಒಮ್ಮೆ ಓದುತ್ತ ಮೈಮರೆತು ಅಮ್ಮನ ಸೀರೆಯೊಂದನ್ನು ತುಂಗಭದ್ರೆಗೆ ಒಪ್ಪಿಸಿಬಿಟ್ಟೆ. ನಾಲ್ಕನೆಯದು ನ್ಯಾಮತಿ. ಸಮಾಜದ ಪುಸ್ತಕದೊಳಗೆ ಇಟ್ಟುಕೊಂಡು ಓದುತ್ತಿದ್ದಾಗ ಮೇಷ್ಟ್ರು ಹಿಡಿದು ಕಿತ್ತುಕೊಂಡರು. ನಾಲ್ಕು ದಿನ ಬಿಟ್ಟು ವಾಪಸು ಕೊಡುವಾಗ ಆಚೀಚೆ ನೋಡಿ ಮೆಲ್ಲಗೆ ಕೇಳಿದರು: "ಐದನೇದು ಯಾವಾಗ ಬರ್ತೈತಮ್ಮಾ?"

ಐದನೆಯದು ಬರುವ ಹೊತ್ತಿಗೆ ನಾವು ಜಗಳೂರಿನಲ್ಲಿದ್ದೆವು. ಗಾಳಿ ಮಾತಾಡುತ್ತದೆ ಎಂದು ನಂಬಲು ಜಗಳೂರಿನಷ್ಟು ಅನುಕೂಲದ ಊರು ಇನ್ನೊಂದಿಲ್ಲ. ಮಳೆ ಬರಲಿ ಬಿಡಲಿ, ಗಾಳಿ ಮಾತ್ರ ಇಡೀ ದಿನ ಬೀಸುತ್ತಿತ್ತು. ಶಾಲೆಯಲ್ಲಿ ನಾನು ಮಾನಿಟರ್. ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಕೆಲಸ. ಒಂದು ದಿನ ನಾನೇ ಮಾತಾಡಿದ್ದಕ್ಕೆ ನನ್ನ ಹೆಸರನ್ನೂ ಬರೆದು, ಸಾಲಿನಲ್ಲಿ ನಿಂತು ಏಟು ತಿಂದೆ. ಈಗ ನಗು ಬರುತ್ತದೆ. ಆಗ ಅದು ನನಗೆ ಹೆಮ್ಮೆಯ ವಿಷಯವಾಗಿತ್ತು. 'ಕಾಂಪೌಂಡರ್ ಮಗಳು ಸುಳ್ಳು ಹೇಳಲ್ಲ' ಎಂದು ಊರಲ್ಲಿ ಹೆಸರಾಯಿತು.

ಪಕ್ಕದ ಬೆಂಚಿನ ವನಜ ನನ್ನ ಗೆಳತಿಯಾದಳು. ಅವಳ ಅಪ್ಪ ಈರಪ್ಪ ಮಾಮನದು ಸೈಕಲ್ ಶಾಪು. ಬಾಡಿಗೆ ಸೈಕಲ್ಲು, ರಿಪೇರಿ, ಪಂಚರು. ತಾಯಿ ಇರಲಿಲ್ಲ. ಈರಪ್ಪ ಮಾಮನಿಗೆ ಓದಲು ಬರುತ್ತಿರಲಿಲ್ಲ. "ಅಕ್ಷರ ಕೂಡಿಸಿ ಒಂದು ಸಾಲು ಓದೋದ್ರೊಳಗೆ ನಾನು ಎರಡು ಪಂಚರ್ ಹಾಕ್ತೀನಿ" ಎನ್ನುತ್ತಿದ್ದ. ಆದರೆ ಕೈ ಕೆಲಸದಲ್ಲಿದ್ದಾಗ ಕಿವಿ ಖಾಲಿ ಇರುತ್ತದಲ್ಲ? ಶಾಲೆ ಬಿಟ್ಟ ಮೇಲೆ ವನಜ ಅಂಗಡಿಯ ಹೊಸ್ತಿಲ ಮೇಲೆ ಕೂತು ನನ್ನ ಐದೂ ಭಾಗಗಳನ್ನು ಅಪ್ಪನಿಗೆ ಗಟ್ಟಿಯಾಗಿ ಓದಿದಳು. ಮಾಮ ಟ್ಯೂಬನ್ನು ನೀರಿನ ಬಾಂಡಲಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತ "ಹೂಂ, ಮುಂದಕ್ಕೆ" ಎನ್ನುವನು. ಕರಾಳದತ್ತ ಕಾಣಿಸಿಕೊಂಡಾಗಲೆಲ್ಲ ಅವನು ಪಂಪು ಹೊಡೆಯುವ ರಭಸಕ್ಕೆ ಗಿರಾಕಿಗಳು ಟ್ಯೂಬು ಒಡೆದೀತೆಂದು ಹೆದರುತ್ತಿದ್ದರು.

ವನಜಳಿಗೆ ಸೈನ್ಸ್ ಓದಬೇಕಿತ್ತು. ಅಂದರೆ ದಾವಣಗೆರೆ, ಹಾಸ್ಟೆಲು. ನಲ್ಲೂರಿನಲ್ಲಿದ್ದ ಅವಳ ಸೋದರತ್ತೆ ಗಂಗಮ್ಮನಿಗೆ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೆ ಅವಳನ್ನು ತನ್ನ ಮಗನಿಗೆ ತಂದುಕೊಳ್ಳಬೇಕಿತ್ತು. ಗಂಗಮ್ಮ ಸಾಮಾನ್ಯದ ಹೆಂಗಸಲ್ಲ. ಚಿಕ್ಕಂದಿನಲ್ಲೇ ತಾಯಿ ಸತ್ತ ಮೇಲೆ ತಮ್ಮ ಈರಪ್ಪನನ್ನು ಸಾಕಿದ್ದೇ ಆಕೆ. ಈರಪ್ಪ ಮಾಮ ಅವಳೆದುರು ಕೂತು ಮಾತಾಡಿದ್ದನ್ನೇ ನಾನು ಕಾಣೆ, ನಿಂತೇ ಇರುತ್ತಿದ್ದ. ಒಂದು ಸಲ ಗಂಗಮ್ಮ ಬಂದು ಮದುವೆಯ ಮಾತು ತೆಗೆದಾಗ ಅವನು ಸ್ಪ್ಯಾನರು ಕೆಳಗಿಟ್ಟು, ನನ್ನೆದುರಿಗೇ ಒಂದು ವಿಚಿತ್ರ ಮಾತು ಹೇಳಿದ.

"ಅಕ್ಕಾ, ಈ ಹುಡುಗೀರು ನೇಸರಿ ಅಂತ ಒಬ್ಬಾಕೀ ಕಥೆ ಓದ್ತಾರೆ. ಕೊನೇ ಭಾಗ ಬರೋದೈತೆ. ಅದ್ರಾಗೆ ಆಕೆ ಗದ್ದುಗೆ ಹತ್ತಿದ್ರೆ ನಮ್ಮ ವನಜ ದಾವಣಗೆರೆ ಬಸ್ ಹತ್ಲಿ. ಆಕೆ ಮದುವೆ ಆಗಿ ಮನೇಲಿ ಕುಂತ್ರೆ ಇವಳೂ ಮದುವೆ ಆಗ್ಲಿ. ಆಗ್ಬಹುದಾ?"

ಗಂಗಮ್ಮ ಬಾಯಲ್ಲಿದ್ದ ಎಲೆಅಡಿಕೆ ಉಗಿದು ನಕ್ಕಳು. "ಕುರಿ ಕಾಯೋಳು ಗದ್ದುಗೆ ಹತ್ತಾಕೆ ಆಗ್ತೈತೇನೋ ಹುಚ್ಚಪ್ಪಾ? ಆತು, ಹಂಗೇ ಮಾಡು. ಆದ್ರೆ ಆ ಪುಸ್ತಕ ನಿನ್ನ ಮಗಳು ಓದಂಗಿಲ್ಲ. ತನಗೆ ಬೇಕಾದ್ದು ಓದ್ತಾಳೆ."

"ಇವಳು ಓದ್ಲಿ ಬಿಡು. ಕಾಂಪೌಂಡರ್ ಮಗಳು" ಎಂದ ಮಾಮ.

ನಾನೂ ವನಜಳೂ ಹಿತ್ತಲಿಗೆ ಹೋಗಿ ಕೈ ಕೈ ಹಿಡಿದು ಕುಣಿದೆವು. ಗೆದ್ದೇಬಿಟ್ಟೆವು ಎಂದು. ಗಾಳಿ ಐದು ಭಾಗ ಹೇಳಿದ್ದು ಆರನೆಯದರಲ್ಲಿ ಸುಳ್ಳಾಗುತ್ತದೆಯೇ?

ಆರನೆಯ ಭಾಗವನ್ನು ದಾವಣಗೆರೆಗೆ ಟಯರು ತರಲು ಹೋಗಿದ್ದ ಮಾಮನೇ ಕೊಂಡು ತಂದ. ಶನಿವಾರ ಮಧ್ಯಾಹ್ನ ನನ್ನ ಕೈಗಿಟ್ಟು, "ಮನೆಗೆ ತಗಂಡೋಗಿ ಒಂದ್ಸಲ ಪೂರ್ತಿ ಓದ್ಕೊಂಡ್ ಬಾರವ್ವಾ. ಗಡಿಬಿಡಿ ಏನಿಲ್ಲ. ನಾಳೆ ಅಕ್ಕ ಬರ್ತಾಳೆ. ಆಕೀಗೂ ಓದಾಕೆ ಬರಲ್ಲ, ನಂಗೂ ಬರಲ್ಲ. ನೀನು ಓದಿದ್ದೇ ನಮಗೆ ಪುಸ್ತಕ" ಎಂದ.

ರಟ್ಟಿನ ಮೇಲೆ ನೇಸರಿ ಎಂದಿನಂತೆ ಖಡ್ಗ ಹಿಡಿದು ನಿಂತಿದ್ದಳು. ಒಳಗೆ ಏನಿತ್ತೆಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಮೊದಲ ಎಂಬತ್ತು ಪುಟ ಅವಳು ಒಂದು ಗುಹೆಯಲ್ಲಿ ಯೋಚಿಸುತ್ತ ಕೂತಿರುತ್ತಾಳೆ. ಏನು ಯೋಚಿಸುತ್ತಾಳೆಂದು ಅವಳಿಗೂ ತಿಳಿಯದು, ಬರೆದವರಿಗೂ ತಿಳಿಯದು. ಅವಳ ಜೊತೆ ಐದು ಭಾಗ ನಡೆದು ಬಂದ ಕುಂಟು ನಾಯಿಯ ಸುದ್ದಿಯೇ ಇಲ್ಲ. ಮಹಾಶಯರು ಮರೆತಿದ್ದರು. ಐದು ಭಾಗ ಬೆಂಕಿಗೆ ಸುಡದ, ನೀರಿಗೆ ಮುಳುಗದ ಕರಾಳದತ್ತ ಎರಡು ಅಧ್ಯಾಯಗಳ ನಡುವೆ ಚಳಿಜ್ವರ ಬಂದು ಸತ್ತ! ಐದನೆಯ ಭಾಗದಲ್ಲಿ ಕುದುರೆಗೆ ನೀರು ಕೇಳಲು ಮೂರು ಪುಟ ಬಂದುಹೋಗಿದ್ದ ರಾಜಕುಮಾರನೊಬ್ಬ ಈಗ ಗದ್ದುಗೆ ಏರಿದ. ನೇಸರಿ ಅವನನ್ನು ಮದುವೆಯಾದಳು. ಕೊನೆಯ ಪುಟದಲ್ಲಿ ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿರುವಾಗ ಗಾಳಿ ಬಂದು ಏನೋ ಹೇಳುತ್ತದೆ. ಅವಳು ನಸುನಕ್ಕು ಕಿಟಕಿ ಮುಚ್ಚುತ್ತಾಳೆ. ಮುಗಿಯಿತು.

ಇದನ್ನು ಬರೆಯಲು ಆ ಮನುಷ್ಯನಿಗೆ ಎರಡೂವರೆ ವರ್ಷ ಹಿಡಿದಿತ್ತು. ನನ್ನ ಅನುಮಾನ, ಎರಡು ವರ್ಷ ಐದು ತಿಂಗಳು ಮಲಗಿದ್ದ. ಆಮೇಲೆ ನಾನು ಅವನಿಗೆ ಒಂದು ಕಾಗದ ಬರೆದೆ, ನಾಲ್ಕು ಪುಟ, ಒಂದೊಂದು ತಪ್ಪನ್ನೂ ಪುಟಸಂಖ್ಯೆ ಸಮೇತ ಎತ್ತಿ ತೋರಿಸಿ. ಉತ್ತರವಾಗಿ ಅಚ್ಚು ಹಾಕಿಸಿದ ಕಾರ್ಡು ಬಂತು: 'ತಮ್ಮ ಮೆಚ್ಚುಗೆಗೆ ವಂದನೆಗಳು.'

ಶನಿವಾರ ಸಂಜೆ ವನಜ ಬಂದಳು. "ಓದಿದ್ಯಾ? ಹೆಂಗೈತೆ?"

"ದರಿದ್ರವಾಗೈತೆ ಕಣೇ. ಮದುವೆ ಮಾಡಿ ಕೂರ್ಸಿದ್ದಾನೆ."

ಅವಳು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. "ಹೆಂಗಾದ್ರೂ ಇರ್ಲಿ, ನಾಳೆ ನೀನು ಚೆನ್ನಾಗಿ ಓದು" ಎಂದು ಹೊರಟುಹೋದಳು.

ಚೆನ್ನಾಗಿಯೇ ಓದಿದೆ. ನನ್ನದೊಂದು ಉಪಾಯವೂ ಇತ್ತು. ಈ ಪುಸ್ತಕ ಎಷ್ಟು ಕೆಟ್ಟದೆಂದು ತೋರಿಸಿಬಿಟ್ಟರೆ ಇಂಥದ್ದರ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ಭಾನುವಾರ ಬೆಳಗ್ಗೆ ಗಂಗಮ್ಮ ಸ್ಟೂಲಿನ ಮೇಲೆ ಕೂತಳು, ಮಾಮ ಎಂದಿನಂತೆ ನಿಂತೇ ಚಕ್ರದ ಕಡ್ಡಿ ಬಿಗಿಯತೊಡಗಿದ, ವನಜ ಬಾಗಿಲಿಗೆ ಒರಗಿ ನಿಂತಳು. ನಾನು ಒಂದಕ್ಷರ ಬಿಡದೆ, ಮುದ್ರಣದ ತಪ್ಪನ್ನೂ ತಿದ್ದದೆ, ಮೂಗು ಮುರಿಯುತ್ತ, ವ್ಯಂಗ್ಯವಾಗಿ ರಾಗ ಎಳೆಯುತ್ತ ಓದಿದೆ. ಕರಾಳದತ್ತ ಸತ್ತಾಗ ಮಾಮ "ಥೂ ಇವನ, ಒಂದು ಗುಳಿಗೆ ಕೊಟ್ಟಿದ್ರೆ ಬದುಕ್ತಿದ್ನಲ್ಲ" ಎಂದ. ನನಗೆ ಧೈರ್ಯ ಬಂತು. ನನ್ನ ಉಪಾಯ ಫಲಿಸುತ್ತಿದೆ ಎಂದುಕೊಂಡೆ.

ಮದುವೆಯ ಅಧ್ಯಾಯಕ್ಕೆ ಬರುವಾಗ ಮಧ್ಯಾಹ್ನ ಮೂರು ಗಂಟೆ. ಮಾಮ ಕಡ್ಡಿ ಬಿಗಿಯುವುದನ್ನು ನಿಲ್ಲಿಸಿದ. "ನಿಧಾನಕ್ಕೆ ಓದವ್ವಾ. ನೀರು ಬೇಕಾ? ಸುಧಾರಿಸ್ಕೊಂಡು ಓದು" ಎಂದ. ನಾನು ನೀರು ಬೇಡವೆಂದೆ. ಓದಿದೆ. ರಾಜಕುಮಾರ, ಗದ್ದುಗೆ, ಮದುವೆ, ಮೊರ, ಕಿಟಕಿ. ಪುಸ್ತಕವನ್ನು ರಪ್ಪೆಂದು ಮುಚ್ಚಿ, "ಇದೂ ಒಂದು ಕಥೆಯಾ!" ಎಂದೆ.

ನನ್ನ ವ್ಯಂಗ್ಯ ಗಂಗಮ್ಮನಿಗೆ ಕೇಳಿಸಲೇ ಇಲ್ಲ, ಮದುವೆ ಮಾತ್ರ ಕೇಳಿಸಿತು. "ಎಷ್ಟು ಚೆಂದ ಬರ್ದಾನೆ ನೋಡು, ತಿಳಿದೋನು" ಎಂದಳು. ಮಾಮ ಮತ್ತೆ ಚಕ್ರವನ್ನು ಕೈಗೆತ್ತಿಕೊಂಡ. ವನಜ ಒಳಗೆ ಹೋಗಿ ಎಲ್ಲರಿಗೂ ಟೀ ಮಾಡಿಕೊಂಡು ಬಂದಳು. ನನಗೂ ಕೊಟ್ಟಳು.

ಪರೀಕ್ಷೆ ಮುಗಿದ ಮೇಲೆ ಮದುವೆಯಾಯಿತು. ನಾನು ಹಾಸ್ಟೆಲಿನಲ್ಲಿದ್ದು ಸೈನ್ಸ್ ಓದಿದೆ, ಮುಂದೆ ಮೇಡಮ್ಮೂ ಆದೆ. ಅಂದಿನಿಂದ ಇಂದಿನವರೆಗೆ ಆ ಮಹಾಶಯನನ್ನು ನಾನು ಶಪಿಸದ ವರ್ಷವಿಲ್ಲ. ನನ್ನ ಗೆಳತಿಯ ಓದನ್ನು ಕಿತ್ತುಕೊಂಡವನು, ಬೇಜವಾಬ್ದಾರಿ, ಸೋಮಾರಿ, ಅಪ್ರಾಮಾಣಿಕ ಎಂದು ತರಗತಿಯಲ್ಲಿ ಕೂಡ ಉದಾಹರಣೆ ಕೊಟ್ಟಿದ್ದೇನೆ.

ಮೊನ್ನೆ ತಮ್ಮನ ಮಗಳ ಪುಸ್ತಕ ಗೋಡೆಗೆ ಬಡಿದ ಮೇಲೆ ಮನಸ್ಸು ತಡೆಯದೆ ವನಜಳಿಗೆ ಫೋನು ಮಾಡಿದೆ. ನಲ್ಲೂರಿನಲ್ಲಿ ಅವಳದೇ ಕಿರಾಣಿ ಅಂಗಡಿ. ಹಬ್ಬಕ್ಕೊಮ್ಮೆ ಮಾತಾಡುತ್ತೇವೆ, ಮಕ್ಕಳು, ಮಂಡಿನೋವು ಇಷ್ಟೇ. ಈ ವಿಷಯ ಮಾತ್ರ ಒಂದು ದಿನವೂ ಎತ್ತಿರಲಿಲ್ಲ. ನಾನು ಮತ್ತೆ ಆ ಮನುಷ್ಯನನ್ನು ಬೈಯಲು ಶುರು ಮಾಡಿದೆ. ಅವಳು ಯಾರಿಗೋ ಬೆಲ್ಲ ತೂಗಿ ಕೊಟ್ಟು, ಸಾವಕಾಶವಾಗಿ ಹೇಳಿದಳು:

"ಅಪ್ಪ ನಿಂಗೆ ಒಂದು ದಿನ ಮೊದಲೇ ಯಾಕೆ ಪುಸ್ತಕ ಕೊಟ್ಟಿದ್ದ ಅಂದ್ಕೊಂಡಿ? ಅತ್ತೆಗೆ ಎದುರು ಹೇಳಾಕೆ ಅವನಿಗೆ ಬಾಯಿ ಇರ್ಲಿಲ್ಲ. ಪುಸ್ತಕದಾಗೆ ಹಿಂಗೈತೆ, ಮಾತು ಕೊಟ್ಟೀನಿ, ಕಳಿಸ್ತೀನಿ ಅನ್ನೋಣ ಅಂತಿದ್ದ. ನೀನು ಗದ್ದುಗೆ ಹತ್ಸಿದ್ದಿದ್ರೆ ಯಾರು ತೆಗೆದು ನೋಡ್ತಿದ್ರೇ? ಸಾಯೋತನಕ ಅಂತಿದ್ದ ಅಪ್ಪ, ಆ ಹುಡುಗಿ ಅಷ್ಟು ಕಥೆ ಓದಿದ್ಲು, ಒಂದು ಕಥೆ ಕಟ್ಟಾಕೆ ಬರ್ಲಿಲ್ಲ ಅಂತ."

"ನಿಂಗೂ ಸಿಟ್ಟಿತ್ತಾ?" ಎಂದೆ.

"ಇತ್ತು. ಭಾಳ ವರ್ಷ ಇತ್ತು."

"ಆ ಬರೆದವನ ಮೇಲಾ?"

"ಅವನು ಯಾರೋ ಏನೋ. ಅವನ ಮೇಲೆ ನಂಗ್ಯಾತಕ್ಕೆ ಸಿಟ್ಟು? ಗೆಳತಿ ನೀನಲ್ವೇನೇ?"

ಆಮೇಲೆ ಯಾರೋ ಗಿರಾಕಿ ಬಂದರು, ಫೋನಿಟ್ಟಳು. ಆ ಮನುಷ್ಯ ಕೆಟ್ಟದಾಗಿ ಬರೆದ, ಅದರಲ್ಲಿ ಈಗಲೂ ನನಗೆ ಅನುಮಾನವಿಲ್ಲ. ಆದರೆ ಅವನಿಗೆ ವನಜ ಯಾರೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.