ನಮ್ಮೂರು ಹಾಡಿಗೆ ಸೇರಿದ ದಿನ

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ, ನಂಜನಗೂಡಿನಿಂದ ತಿರುಮಕೂಡಲು ನರಸೀಪುರದವರೆಗೂ ಎಲ್ಲರ ಬಾಯಲ್ಲಿ ಒಂದೇ ಹಾಡು ಕುಣಿಯುತ್ತಿತ್ತು. ಟೀ ಅಂಗಡಿಯ ಟೇಪ್ ರೆಕಾರ್ಡರಿನಲ್ಲಿ ಅದೇ, ಮದುವೆ ಮನೆಯ ಮೈಕಿನಲ್ಲಿ ಅದೇ, ಕಪಿಲೆಯಲ್ಲಿ ಎಮ್ಮೆ ತೊಳೆಯುವವರ ಗುನುಗಿನಲ್ಲೂ ಅದೇ. ನಮ್ಮ ಸೀಮೆಯವನೇ ಆದ ಒಬ್ಬ ಹಾಡುಗಾರ ನಮ್ಮ ಸೀಮೆಯ ಊರುಗಳ ಮೇಲೆ ಅದನ್ನು ಕಟ್ಟಿ, ಹಾಡಿ, ಕ್ಯಾಸೆಟ್ ಮಾಡಿಸಿದ್ದ. ಕ್ಯಾಸೆಟ್ ಅಂದರೆ ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿ. ಒಳಗೆ ಕಂದು ಬಣ್ಣದ ತೆಳು ಪಟ್ಟಿ ಸುತ್ತಿರುತ್ತಿತ್ತು. ಅದು ಸಿಕ್ಕಿಹಾಕಿಕೊಂಡರೆ ಪೆನ್ಸಿಲ್ ತೂರಿಸಿ ತಿರುಗಿಸಬೇಕು. ಆ ಪಟ್ಟಿಯೊಳಗೆ ಹಾಡು ಎಲ್ಲಿ ಅಡಗಿದೆ ಎಂದು ನಾನು ಬಿಸಿಲಿಗೆ ಹಿಡಿದು ನೋಡಿದ್ದೂ ಉಂಟು.

ಹಾಡು ಹೀಗೆ ಶುರುವಾಗುತ್ತಿತ್ತು:

ಬಾರೋ ಭಾವ ಬಸ್ಸು ಹತ್ತಿ ಕಪಿಲೆ ದಂಡೆ ಊರೀಗೆ
ಬಾಳೆಹಣ್ಣು ಬೆಲ್ಲ ಇಟ್ಟು ಕಾದು ಕುಂತೆ ದಾರೀಗೆ

ಆಮೇಲೆ ಒಂದೊಂದೇ ಊರು ಬರುತ್ತಿತ್ತು. 'ತಾಯೂರಲ್ಲಿ ತೆಂಗಿನ್ ನೀರು, ಸುತ್ತೂರಲ್ಲಿ ಸುಗ್ಗಿ ಜೋರು' ಎಂದು ಡೋಲಕ್ಕಿನ ಪೆಟ್ಟಿಗೆ ಸರಿಯಾಗಿ ಊರುಗಳು ಹೆಜ್ಜೆ ಹಾಕುತ್ತಿದ್ದವು. ಬಸ್ಸಿನಲ್ಲಿ ಈ ಹಾಡು ಬಂದಾಗ ನೋಡಬೇಕಿತ್ತು ನೀವು. ತಾಯೂರು ಎಂದೊಡನೆ ತಾಯೂರಿನವರು ಕಂಬಿ ಬಡಿಯುವರು. ಸುತ್ತೂರು ಎಂದೊಡನೆ ಸುತ್ತೂರಿನವರು ಶಿಳ್ಳೆ ಹಾಕುವರು. ಬದನವಾಳಿನ ಒಬ್ಬ ಮುದುಕರು ತಮ್ಮ ಊರಿನ ಹೆಸರು ಬಂದಾಗ ಎದ್ದು ನಿಂತು, ಖಾದಿ ಟವೆಲ್ ಬೀಸಿ, ಮತ್ತೆ ಗಂಭೀರವಾಗಿ ಕೂರುತ್ತಿದ್ದರು.

ನಮ್ಮೂರಿನವರು ಮಾತ್ರ ಕಿಟಕಿಯಾಚೆ ನೋಡುತ್ತಿದ್ದೆವು. ಆ ಹಾಡಿನಲ್ಲಿ ನಮ್ಮೂರು ಇರಲಿಲ್ಲ.

ನಮ್ಮೂರ ಹೆಸರು ದೊಡ್ಡಹುಣಸೆಮರದಕೊಪ್ಪಲು. ರಸ್ತೆ ಬದಿಯ ಬೋರ್ಡಿನಲ್ಲಿ ಅದನ್ನು ಒಂದೇ ಸಾಲಿನಲ್ಲಿ ಬರೆಯಲಾಗದೆ ಎರಡು ಸಾಲು ಮಾಡಿದ್ದರು. ಕಬ್ಬಿನ ಗದ್ದೆಯ ನಡುವೆ ಒಂದಷ್ಟು ಮನೆಗಳು, ಒಂದು ಆಲೆಮನೆ, ಸಾಲು ಹುಣಸೆ ಮರಗಳು. ಊರಿನ ಮುಂದೆಯೇ ಬಸ್ಸು ನಿಲ್ಲುತ್ತಿತ್ತು. ಆ ಬಸ್ಸಿಗೆ ನಮ್ಮ ಅಪ್ಪನೇ ಕಂಡಕ್ಟರ್. ಹಾಗಾಗಿ ಎಲ್ಲರಿಗಿಂತ ಹೆಚ್ಚು ಅವಮಾನ ಅಪ್ಪನಿಗೇ. ದಿನವಿಡೀ ಅದೇ ಹಾಡು ಕೇಳಬೇಕು, ಹಾಡು ಮುಗಿದೊಡನೆ ಯಾರಾದರೂ ಒಬ್ಬರು, "ಏನ್ ಕಂಡಕ್ಟ್ರೇ, ಆಡ್ನಲ್ಲೇ ಇಲ್ದಿರೋ ಊರ್ಗೆ ಸ್ಟಾಪ್ ಯಾಕೆ ಕೊಟ್ಟಿದ್ದೀರಾ?" ಎಂದು ಕೇಳುವರು. ಅಪ್ಪ ನಗುತ್ತಿದ್ದ. ಆದರೆ ಆ ನಗು ಮೀಸೆಯ ಕೆಳಗೆ ಬೇಗ ಆರಿಹೋಗುತ್ತಿತ್ತು.

ಶಾಲೆಯಲ್ಲಿ ಇನ್ನೂ ಕಷ್ಟ. ಪಕ್ಕದೂರಿನ ಉದ್ದ ಜಡೆಯ ಹುಡುಗಿಯೊಬ್ಬಳು ನನ್ನ ಅಕ್ಕನ ತರಗತಿಯಲ್ಲಿದ್ದಳು. ಅವಳ ಊರು ಹಾಡಿನ ಎರಡನೇ ಚರಣದಲ್ಲೇ ಬರುತ್ತಿತ್ತು. ನಮ್ಮನ್ನು ಕಂಡರೆ ಸಾಕು, ಆ ಸಾಲನ್ನು ಮೂಗಿನಲ್ಲಿ ಗುನುಗುವಳು. ಒಂದು ಶನಿವಾರ ಅಕ್ಕನಿಗೆ ತಡೆಯಲಾಗಲಿಲ್ಲ.

"ನೋಡ್ತಿರು, ನಮ್ಮೂರ್ನೂ ಅದ್ರಲ್ಲಿ ಸೇರ್ಸೇ ಸೇರುಸ್ತೀನಿ" ಅಂದಳು.

"ಸೇರ್ಸದೆ ಓದ್ರೆ?"

"ಬೇಸ್ಗೆ ರಜ ಬರೋಗಂಟ ನಿನ್ನ ಬ್ಯಾಗು ನಾನೇ ಒರ್ತೀನಿ."

"ಸೇರ್ಸುದ್ರೆ ನಿನ್ನ ಬ್ಯಾಗು ನಾನೊರ್ತೀನಿ ಕಣೇ" ಎಂದು ಆ ಹುಡುಗಿ ಅಂಗೈ ತಟ್ಟಿ ಪಂಥ ಕಟ್ಟಿದಳು. ಶಾಲೆಗೆ ನಾವು ಗದ್ದೆ ಬದುವಿನ ಮೇಲೆ ನಡೆದು ಹೋಗಬೇಕಿತ್ತು. ಎರಡು ಬ್ಯಾಗು ಹೊತ್ತು ನಡೆಯುವ ಅಕ್ಕನನ್ನು ನೆನೆದು ನನಗೆ ಆಗಲೇ ಹೆಗಲು ನೋಯತೊಡಗಿತು.

ಅಕ್ಕ ಸುಮ್ಮನೆ ಪಂಥ ಕಟ್ಟಿರಲಿಲ್ಲ. ಮರುದಿನ ಭಾನುವಾರ ನರಸೀಪುರದ ಬಸ್ ಸ್ಟಾಂಡಿನ ಎದುರು ಹೊಸ ಕ್ಯಾಸೆಟ್ ಅಂಗಡಿ ತೆರೆಯುತ್ತದೆ, ಆ ಹಾಡುಗಾರನೇ ಬಂದು ಹಾಡುತ್ತಾನೆ ಎಂಬ ಸುದ್ದಿಯನ್ನು ಅಪ್ಪನ ಬಾಯಿಂದ ಕೇಳಿದ್ದಳು. ಭಾನುವಾರ ಬೆಳಗ್ಗೆ ಅವ್ವ ನಮ್ಮಿಬ್ಬರ ತಲೆಗೂ ಕೊಬ್ಬರಿ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹಾಕಿ ಕಳಿಸಿದಳು. ಅಪ್ಪ ಒಂದೇ ಒಂದು ಮಾತು ಹೇಳಿದ: "ನಂ ಬಸ್ಸು ವಾಪಸ್ ಒರಡೋ ಒತ್ಗೆ ನೀವು ಬಾಗ್ಲಲ್ಲಿರ್ಬೇಕು. ಕಂಡಕ್ಟ್ರು ಮಕ್ಳು ಅಂತ ಬಸ್ಸು ಕಾಯಕ್ಕಿಲ್ಲ."

ಪಕ್ಕದೂರಿನ ಸ್ಟಾಪಿನಲ್ಲಿ ಉದ್ದ ಜಡೆಯ ಹುಡುಗಿಯೂ ತನ್ನ ಅಜ್ಜಿಯ ಕೈ ಹಿಡಿದು ಹತ್ತಿದಳು. ನಮ್ಮ ಹಿಂದಿನ ಸೀಟಿನಲ್ಲಿ ಕುಳಿತು, "ನಾನು ಕಣ್ಣಾರೆ ನೋಡ್ಬೇಕು" ಅಂದಳು. ಬಸ್ಸಿನ ತುಂಬ ಮಲ್ಲಿಗೆ, ಡೀಸೆಲ್ಲು, ಹೊಸ ಬೆಲ್ಲದ ವಾಸನೆ. ಕಿಟಕಿಯಲ್ಲಿ ಭತ್ತದ ಗದ್ದೆಗಳು ಹಸಿರು ಬಟ್ಟೆಯ ಸುರುಳಿ ಬಿಚ್ಚಿದ ಹಾಗೆ ಹಿಂದಕ್ಕೆ ಓಡುತ್ತಿದ್ದವು.

ನರಸೀಪುರದಲ್ಲಿ ಜನ ರಸ್ತೆಗೇ ನುಗ್ಗಿ ನಿಂತಿದ್ದರು. ಅಂಗಡಿಯ ಮುಂದೆ ಬಾಳೆ ಕಂಬ, ಮಾವಿನ ತೋರಣ. ನಾಲ್ಕು ಬೆಂಚು ಜೋಡಿಸಿ ಮಾಡಿದ ವೇದಿಕೆ. ಎರಡು ದೊಡ್ಡ ಸ್ಪೀಕರುಗಳು ಬಸ್ ಸ್ಟಾಂಡಿನ ಕಡೆಗೇ ಬಾಯಿ ತೆರೆದಿದ್ದವು. ಹಾಡುಗಾರ ಸಿನಿಮಾ ಹೀರೋ ಹಾಗೆ ಎತ್ತರವಾಗಿರುತ್ತಾನೆ ಎಂದುಕೊಂಡಿದ್ದೆ. ನಮ್ಮ ಊರಿನ ಆಲೆಮನೆಯಲ್ಲಿ ಬೆಲ್ಲ ಕಾಯಿಸುವವರ ಹಾಗೆಯೇ ಇದ್ದ. ಕುಳ್ಳಗೆ, ದಪ್ಪ ಮೀಸೆ, ಹೆಗಲಲ್ಲಿ ಟವೆಲ್ಲು. ಲೋಟದಲ್ಲಿ ಬಿಸಿನೀರು ಕುಡಿದು ಕೆಮ್ಮಿದ. ಆದರೆ ಬಾಯಿ ತೆರೆದ ಕ್ಷಣ ನನ್ನ ಮೈಯೆಲ್ಲ ಜುಮ್ಮೆಂದಿತು. ಕ್ಯಾಸೆಟ್ಟಿನಲ್ಲಿ ಸಣ್ಣಗೆ ಕೇಳುತ್ತಿದ್ದ ಅದೇ ದನಿ ಇಲ್ಲಿ ನೆಲದೊಳಗಿನಿಂದ ಬಂದು ಅಂಗಾಲಿಗೆ ತಾಗುತ್ತಿತ್ತು. ಡೋಲಕ್ಕು ಹೊಟ್ಟೆಯೊಳಗೇ ಬಡಿಯುತ್ತಿತ್ತು. ಒಂದೊಂದು ಊರಿಗೂ ಜನ ಹೋ ಎಂದರು.

ಹಾಡು ಮುಗಿಯುತ್ತಿದ್ದಂತೆ ಅಕ್ಕ ನನ್ನ ಕೈ ಹಿಡಿದು, ಪಂಚೆಗಳ, ಸೀರೆಗಳ ನಡುವೆ ತೂರಿ ಬೆಂಚಿನ ಮುಂದೆ ಹೋಗಿ ನಿಂತಳು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

"ಸಾ, ನಮ್ಮೂರು ಬುಟ್ಬುಟ್ಟಿದ್ದೀರ" ಅಂದಳು.

ಹಾಡುಗಾರ ಬಗ್ಗಿ ನೋಡಿದ. "ಯಾವೂರವ್ವ ನಿಮ್ದು?"

ಅಕ್ಕ ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ನೆಟ್ಟಗೆ ನಿಂತು, ಒಂದಕ್ಷರವೂ ಬಿಡದೆ, "ದೊಡ್ಡಹುಣಸೆಮರದಕೊಪ್ಪಲು" ಎಂದಳು.

ಅವನು ನಕ್ಕ. "ಬೋರ್ಡ್ ನೋಡಿವ್ನಿ ಕಣವ್ವ. ಸೇರ್ಸಕ್ಕೂ ನೋಡ್ದೆ. ಎಸ್ರು ಮುಗಿಯೋ ಅಷ್ಟ್ರಲ್ಲಿ ತಾಳ ಮುಂದಲೂರ್ಗೆ ಓಗ್ಬುಟ್ಟಿರ್ತದೆ" ಎಂದು ಡೋಲಕ್ಕಿನವನಿಗೆ ಸನ್ನೆ ಮಾಡಿ, ಮೈಕಿನಲ್ಲೇ ಹಾಡಿ ತೋರಿಸಿದ. 'ದೊಡ್ಡಹುಣಸೆ' ಎನ್ನುವಾಗ ಸರಿಯಿದ್ದ ತಾಳ 'ಮರದಕೊಪ್ಪಲು' ಬರುವಾಗ ಎಡವಿ ಬಿತ್ತು. ಇನ್ನೊಮ್ಮೆ ಬೇಗ ಹೇಳಲು ಹೋದ, ನಾಲಿಗೆ ತೊಡರಿತು. ಜನ ಬಿದ್ದು ಬಿದ್ದು ನಕ್ಕರು. ಹಿಂದಿನಿಂದ ಉದ್ದ ಜಡೆಯ ಹುಡುಗಿಯ ನಗು ನನಗೆ ಬೇರೆಯಾಗಿಯೇ ಕೇಳಿಸಿತು. ಅಕ್ಕನ ಕಿವಿಗಳು ಕೆಂಪಾದವು.

ಅಷ್ಟರಲ್ಲಿ ರಸ್ತೆಯಾಚೆಯಿಂದ ಅಪ್ಪನ ಕೂಗು ಕೇಳಿಸಿತು. ಬಸ್ಸು ಹೊರಡುವ ಹೊತ್ತಾಗಿತ್ತು. ಅಪ್ಪ ಬಾಗಿಲಲ್ಲಿ ನಿಂತು, ಬಸ್ಸಿನ ತಗಡು ಬಡಿಯುತ್ತಾ ಕರೆಯುತ್ತಿದ್ದ. "ಉಣ್ಸೇಕೊಪ್ಲು, ತಾಯೂರು, ನಂಜನ್ಗೂಡು... ಉಣ್ಸೇಕೊಪ್ಲು, ತಾಯೂರು, ನಂಜನ್ಗೂಡು..."

ಹುಟ್ಟಿದಾಗಿನಿಂದ ಕೇಳಿದ ಕೂಗು ಅದು. ನಮ್ಮೂರಲ್ಲಿ ಎಲ್ಲರೂ ಹಾಗೇ ಹೇಳುವುದು. ಬೋರ್ಡಿನಲ್ಲಿ ಬರೆದ ಉದ್ದ ಹೆಸರನ್ನು ಮಾಸ್ತರರ ಮುಂದೆ ಬಿಟ್ಟರೆ ಬೇರೆಲ್ಲೂ ಯಾರೂ ಹೇಳುತ್ತಿರಲಿಲ್ಲ. ಆದರೆ ಆ ದಿನ ತಗಡಿನ ಪೆಟ್ಟಿನ ಜೊತೆ ಅದು ಬಂದಾಗ, ನನ್ನ ತಲೆಯೊಳಗೆ ಇನ್ನೂ ಕುಣಿಯುತ್ತಿದ್ದ ಡೋಲಕ್ಕಿಗೆ ಹೋಗಿ ಕೂಡಿಕೊಂಡಿತು. ಹೊಸಬರ ಮುಂದೆ ಬಾಯಿಯೇ ಬಿಡದ ನಾನು ಕಿರುಚಿದೆ:

"ಉಣ್ಸೇಕೊಪ್ಲು! ನಮ್ಮಪ್ಪ ಕೂಗೋ ಅಂಗೆ ಆಡಿ. ಉಣ್ಸೇ-ಕೊಪ್ಲು."

ಮೊದಲು ಗೊತ್ತಾದದ್ದು ಡೋಲಕ್ಕಿನವನಿಗೆ. ಅವನ ಬೆರಳುಗಳು ತಾವಾಗಿಯೇ ಎರಡು ಪೆಟ್ಟು ಹಾಕಿದವು. ಆಮೇಲೆ ಇನ್ನೆರಡು. ಹಾಡುಗಾರ ಕತ್ತು ಓರೆ ಮಾಡಿ ರಸ್ತೆಯಾಚೆಯ ಕೂಗನ್ನು ಆಲಿಸಿದ. ಮುಖವೆಲ್ಲ ಅರಳಿತು.

"ನಿಮ್ಮೂರ್ನಲ್ಲಿ ಏನದೆ, ಏಳವ್ವ ಬೇಗ" ಎಂದು ಅಕ್ಕನನ್ನು ಕೇಳಿದ.

"ಉಣ್ಸೇ ಮರ ಅವೆ ಸಾ."

"ಅದು ಎಸ್ರಲ್ಲೇ ಬಂತಲ್ಲ. ಬ್ಯಾರೆ?"

ಅಕ್ಕ ತಡವರಿಸಿದಳು. ದೊಡ್ಡ ದೇವಸ್ಥಾನವಿಲ್ಲ, ಮಠವಿಲ್ಲ, ಸಂತೆಯಿಲ್ಲ. ಕೊನೆಗೆ ಹೊಳೆದದ್ದನ್ನು ಹೇಳಿಬಿಟ್ಟಳು. "ನಮ್ಮವ್ವ ಉಳಿಸಾರು ಚೆಂದಾಗಿ ಮಾಡ್ತದೆ."

ಜನ ಮತ್ತೆ ನಕ್ಕರು. ಈ ಸಲದ ನಗು ಚುಚ್ಚಲಿಲ್ಲ. ಹಾಡುಗಾರ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದ. ಆಮೇಲೆ ಕೈಯೆತ್ತಿ, ಮೈಕಿನ ಹತ್ತಿರ ಬಂದು ಹಾಡಿದ:

ಉಣ್ಸೇಕೊಪ್ಲು ಉಳಿಯ ಸಾರು
ಉಂಡ ಮ್ಯಾಲೆ ಮರೆಯೋರ್ ಯಾರು

ಸ್ಪೀಕರುಗಳು ನಮ್ಮೂರ ಹೆಸರನ್ನು ಬಸ್ ಸ್ಟಾಂಡಿನ ಮೇಲೆಲ್ಲ ಎರಚಿದವು. ಕಪಿಲೆ ಕಾವೇರಿಯನ್ನು ಸೇರುವಲ್ಲಿಯವರೆಗೂ ಅದು ಕೇಳಿರಬೇಕು ಎಂದು ನನಗನ್ನಿಸಿತು. ಜನ ಇನ್ನೊಮ್ಮೆ ಎಂದರು, ಅವನು ಇನ್ನೊಮ್ಮೆ ಹಾಡಿದ. ರಸ್ತೆಯಾಚೆ ಅಪ್ಪನ ಕೂಗು ಅರ್ಧಕ್ಕೇ ನಿಂತಿತ್ತು. ಅಕ್ಕ ನನ್ನನ್ನು ಎತ್ತಿ ಗಿರ್ರನೆ ತಿರುಗಿಸಿದಳು. ಆಯ ತಪ್ಪಿ ಇಬ್ಬರೂ ಒಬ್ಬ ಪುರಿ ಮಾರುವವನ ಮೇಲೆ ಬಿದ್ದೆವು. ಅವನು ಬೈಯುವ ಬದಲು ಇಬ್ಬರ ಕೈಗೂ ಕಡ್ಲೆಪುರಿ ಹಾಕಿದ.

ಅಷ್ಟರಲ್ಲಿ ಬಸ್ಸಿನ ಹಾರನ್ನು. ಓಡಿದೆವು, ಓಡಿದೆವು. ಉದ್ದ ಜಡೆಯ ಹುಡುಗಿಯೂ ಅಜ್ಜಿಯನ್ನು ಎಳೆದುಕೊಂಡು ಓಡಿ ಬಂದು ಹತ್ತಿದಳು. ಉಸಿರು ಸರಿಯಾದೊಡನೆ ನಮ್ಮ ಕಡೆ ತಿರುಗಿ, "ಇವತ್ತೇನೋ ಆಡ್ದ. ನಾಳೆ ಮರ್ತೋಯ್ತಾನೆ. ಕ್ಯಾಸೆಟ್ನಲ್ಲಿ ಇಲ್ವಲ್ಲ, ಅದು ಲೆಕ್ಕಕ್ಕಿಲ್ಲ" ಎಂದಳು.

ಅವಳು ಹೇಳಿದ್ದು ನಿಜವೇ. ಅಷ್ಟೊಂದು ಕ್ಯಾಸೆಟ್ಟುಗಳು ಆಗಲೇ ಮಾರಾಟವಾಗಿದ್ದವು. ಅವುಗಳ ಒಳಗೆ ಹೋಗಿ ನಮ್ಮೂರನ್ನು ಸೇರಿಸುವವರು ಯಾರು? ಕಡ್ಲೆಪುರಿ ಬಾಯಲ್ಲೇ ಮೆತ್ತಗಾಯಿತು.

ಡ್ರೈವರ್ ಎಂದಿನಂತೆ ಕ್ಯಾಸೆಟ್ ಹಾಕಿದರು. ಬಾರೋ ಭಾವ ಬಂತು. ತಾಯೂರು ಬಂತು, ಸುತ್ತೂರು ಬಂತು, ಕಂಬಿಗಳು ಸದ್ದು ಮಾಡಿದವು. ಚರಣ ಮುಗಿದು ಕೊಳಲು ಶುರುವಾಯಿತು. ಆ ಕೊಳಲು ಮುಗಿಯುವವರೆಗೆ ಯಾವಾಗಲೂ ಎಲ್ಲರೂ ಸುಮ್ಮನಿರುತ್ತಿದ್ದರು. ಆಗ ಬಸ್ಸಿನ ಹಿಂದುಗಡೆಯಿಂದ ಒಂದು ಒರಟು ದನಿ ಎದ್ದಿತು:

"ಉಣ್ಸೇಕೊಪ್ಲು ಉಳಿಯ ಸಾರು, ಉಂಡ ಮ್ಯಾಲೆ ಮರೆಯೋರ್ ಯಾರು..."

ಅಪ್ಪ. ಬೆರಳ ಸಂದಿಯಲ್ಲಿ ಟಿಕೆಟ್ಟು, ಕಂಕುಳಲ್ಲಿ ಚರ್ಮದ ಚೀಲ, ಕಂಬಕ್ಕೆ ಒರಗಿ ನಿಂತು ಹಾಡುತ್ತಿದ್ದ. ಅಪ್ಪ ಹಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲೇ ಇಲ್ಲ. ಸ್ಟಾಪುಗಳ ಹೆಸರು ಕೂಗಿ ಕೂಗಿ ಒಡೆದ ದನಿ ಅದು. ಆದರೂ ತಾಳ ಒಂದಿಷ್ಟೂ ತಪ್ಪಲಿಲ್ಲ. ಡ್ರೈವರ್ ಕನ್ನಡಿಯಲ್ಲಿ ನೋಡಿ, ಟೇಪಿನ ಸದ್ದು ಇಳಿಸಿದರು. "ಇನ್ನೊಂದ್ಸಲ ಏಳಿ ಕಂಡಕ್ಟ್ರೇ" ಎಂದರು ಯಾರೋ. ಎರಡನೇ ಸಲ ನಮ್ಮೂರಿನವರೆಲ್ಲ ಸೇರಿಕೊಂಡರು. ಆಮೇಲೆ ಇಡೀ ಬಸ್ಸು. ಡ್ರೈವರ್ ಟೇಪನ್ನೇ ಆರಿಸಿಬಿಟ್ಟರು, ಹಾಡು ಮಾತ್ರ ನಿಲ್ಲಲಿಲ್ಲ. ಬದನವಾಳಿನ ಮುದುಕರು ಆ ದಿನವೂ ಇದ್ದರು. ನಮ್ಮೂರಿಗೂ ಎದ್ದು ಟವೆಲ್ ಬೀಸಿದರು. ನಾನು ಸೀಟಿನ ಮೇಲೆ ನಿಂತು ಕುಣಿಯುತ್ತಿದ್ದೆ. ಹಿಂತಿರುಗಿ ನೋಡಿದರೆ, ಉದ್ದ ಜಡೆಯ ಹುಡುಗಿ ಕಂಬಿ ಬಡಿದುಕೊಂಡು ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದಳು.

ತನ್ನ ಸ್ಟಾಪಿನಲ್ಲಿ ಇಳಿಯುವಾಗ ಅವಳು ಅಕ್ಕನ ಮುಖ ನೋಡದೆ, "ನಾಳಿಕ್ಕೆ ಬ್ಯಾಗು ಕೊಡೇ" ಅಂದಳು. ಸೋಮವಾರ, ಮಂಗಳವಾರ ಹೊತ್ತಳು ಕೂಡ. ಬುಧವಾರ ಅಕ್ಕನೇ ಒಂದು ಕಬ್ಬಿನ ಜಲ್ಲೆ ತಂದು, ಎರಡೂ ಬ್ಯಾಗು ಅದಕ್ಕೆ ನೇತುಹಾಕಿ, ಒಂದು ತುದಿ ತಾನು ಹಿಡಿದು ಇನ್ನೊಂದನ್ನು ಅವಳಿಗೆ ಕೊಟ್ಟಳು. ಹಾಡಿಕೊಂಡು ನಡೆಯಲು ಅದೇ ಅನುಕೂಲವಾಗಿತ್ತು. ಸಂಜೆ ಮನೆಗೆ ಬರುವಷ್ಟರಲ್ಲಿ ಜಲ್ಲೆ ಅರ್ಧ ಆಗಿರುತ್ತಿತ್ತು.

ಅವ್ವನಿಗೆ ಸುದ್ದಿ ಮುಟ್ಟಿದಾಗ ಸೌಟು ಹಿಡಿದೇ ಹೊರಗೆ ಬಂದಳು. "ಊರೂರ್ನೋರೆಲ್ಲ ಸಾರುಣ್ಣಕ್ಕೆ ಬಂದ್ರೆ ನಾನೇನ್ ಮಾಡ್ಲಿ?" ಎಂದು ಅಪ್ಪನನ್ನು ಗದರಿದಳು. ಅವಳು ಹೇಳಿದ ಹಾಗೇ ಆಯಿತು. ಎಷ್ಟೋ ಜನ ಬಸ್ಸಿಳಿದು, ಕಂಡಕ್ಟರ ಮನೆ ಯಾವುದೆಂದು ಕೇಳಿಕೊಂಡು ಬಂದರು. ಅವ್ವ ಒಬ್ಬರನ್ನೂ ಹಾಗೇ ಕಳಿಸಲಿಲ್ಲ.

ಇದೆಲ್ಲ ಕೇಳಿದರೆ ನಿಮಗೆ ವಿಚಿತ್ರ ಅನ್ನಿಸಬಹುದು, ಮಕ್ಕಳೇ. ಈಗ ನಿಮಗೆ ಹಾಡು ಬೇಕೆಂದರೆ ಬಸ್ಸಿಗೆ ಕಾಯಬೇಕಿಲ್ಲ. ಬೆರಳು ಆಡಿಸಿದರೆ ಲೋಕದ ಹಾಡೆಲ್ಲ ಅಂಗೈಗೆ ಬಂದು ಕೂರುತ್ತದೆ. ಕಾರಿನಲ್ಲಿ ನಾಲ್ಕು ಜನ ಹೋದರೆ ನಾಲ್ವರ ಕಿವಿಗೆ ನಾಲ್ಕು ಹಾಡು. ನಮಗೆ ಇದ್ದದ್ದು ಒಂದೇ, ಬೇಕೋ ಬೇಡವೋ ಬಸ್ಸಿನಲ್ಲಿದ್ದವರೆಲ್ಲ ಅದನ್ನೇ ಕೇಳಬೇಕಿತ್ತು. ಆದರೆ ನಿಮ್ಮ ಕಾಲವನ್ನು ನಾನು ಹಳಿಯಲಾರೆ. ನಮ್ಮ ಬಸ್ಸು ನರಸೀಪುರದಲ್ಲೇ ತಿರುಗಿಬಿಡುತ್ತಿತ್ತು. ನಿಮ್ಮ ಹಾಡುಗಳು ಸಮುದ್ರ ದಾಟುತ್ತವೆ.

ಮೊನ್ನೆ ಮೊಮ್ಮಗ ತನ್ನ ಕಿವಿಯಿಂದ ಒಂದು ಇಯರ್‌ಫೋನ್ ತೆಗೆದು ನನ್ನ ಕಿವಿಗೆ ಇಟ್ಟ. ಯಾವುದೋ ದೂರ ದೇಶದ ಹಾಡು. ಭಾಷೆ ನನಗೂ ಬಾರದು, ಅವನಿಗೂ ಬಾರದು. ಒಂದು ಪದ ಮತ್ತೆ ಮತ್ತೆ ಬರುತ್ತಿತ್ತು. ಅದೇನೋ ಎಂದು ಕೇಳಿದೆ. ಅವನು ಫೋನಿನಲ್ಲಿ ಹುಡುಕಿ, "ಅಜ್ಜಿ, ಅದು ಒಂದು ಊರಿನ ಹೆಸರು" ಎಂದು ನಕ್ಷೆ ತೆರೆದು ತೋರಿಸಿದ. ಸಮುದ್ರದ ಅಂಚಿಗೆ ಅಂಟಿಕೊಂಡ ಒಂದು ಚಿಕ್ಕ ಊರು. ಗುಡ್ಡ, ದೋಣಿಗಳು, ಕೆಂಪು ಹೆಂಚಿನ ಮನೆಗಳು. ಅಲ್ಲಿ ಯಾವ ಮಕ್ಕಳಿದ್ದಾರೋ, ಅವರ ಅವ್ವ ಯಾವ ಸಾರು ಮಾಡುತ್ತಾಳೋ.

"ಇನ್ನೊಂದ್ಸಲ ಹಾಕೋ" ಅಂದೆ. ಅವನು ಹಾಕಿದ. ಆ ಊರಿನ ಹೆಸರು ಬಂದೊಡನೆ ನಾವಿಬ್ಬರೂ ಮಂಚದ ಕಂಬಿ ಬಡಿದೆವು.