ಮೊರದಿಂದ ಆರಿಸಿ ಚೆಲ್ಲಿದ ಅಕ್ಕಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮೂರು ಕೆಜಿ ತೂಗುತ್ತಾಳೆ, ಅಂಗಾಲುಗಳು ಕೆಂಪಗೆ ಚಿಗುರಿನ ಹಾಗಿವೆ. ತಾಯಿಯೂ ಚೆನ್ನಾಗಿದ್ದಾಳೆ. ನಾನು ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೂ ಇದನ್ನು ಬರೆಯದೆ ಇರಲಾರೆ. ನನ್ನ ಅನುಮಾನವೇ ಈ ತಾಯಿ ಮಗುವಿಗೆ ಮುಳುವಾಗುವುದರಲ್ಲಿತ್ತು.

ಸೊಸೆಗೆ ಐದು ತಿಂಗಳಾಗಿದ್ದಾಗ ಕೆ.ಆರ್. ಪೇಟೆ ಆಸ್ಪತ್ರೆಯಲ್ಲಿ ರಕ್ತ ಕಡಿಮೆ ಇದೆ, ಹೀಗೇ ಇದ್ದರೆ ಹೆರಿಗೆ ಕಷ್ಟ ಎಂದರು. ಕೊಟ್ಟ ಮಾತ್ರೆ ನುಂಗಿದರೆ ಅವಳಿಗೆ ವಾಂತಿ. ಊಟದಿಂದಲೇ ರಕ್ತ ಏರಬೇಕಿತ್ತು. ಅದೇ ಹೊತ್ತಿಗೆ ಸೊಸೈಟಿಯಲ್ಲಿ ಪುಕ್ಕಟೆ ಕೊಡುವ ರೇಷನ್ ಅಕ್ಕಿಯಲ್ಲಿ ವಿಚಿತ್ರ ಕಾಳುಗಳು ಕಂಡವು. ಕೊಂಚ ಹಳದಿ, ಅಚ್ಚಿನಲ್ಲಿ ಒತ್ತಿದಂತೆ ಎಲ್ಲವೂ ಒಂದೇ ಅಳತೆ. ನೀರಿಗೆ ಹಾಕಿದರೆ ತೇಲುತ್ತಿದ್ದವು. ಸಂತೆಬಾಚಹಳ್ಳಿ ಸಂತೆ ಮುಗಿಸಿ ಬಂದ ಪಕ್ಕದ ಮನೆಯವಳು ನನ್ನ ಮೊರದಲ್ಲಿ ಕೈಯಾಡಿಸಿದಳು.

"ಇದು ಕುಲಾಂತರಿ ಅಕ್ಕಿ ಕಣಕ್ಕ. ಸಂತೇಲೆಲ್ಲಾ ಅದೇ ಮಾತು. ಬಸುರೀರು ತಿಂದ್ರೆ ಮಗೀಗೆ ತಗಲ್ತದಂತೆ."

"ಪ್ಲಾಸ್ಟಿಕ್ಕು ಅಂತಿದ್ರಲ್ಲೇ?"

"ಅದು ಅಳೇ ಮಾತು, ಬುಡು."

ಪುಕ್ಕಟೆ ಕೊಡುವುದರಲ್ಲಿ ಏನೋ ಇರುತ್ತದೆ ಎಂಬ ಗುಮಾನಿ ನನಗೆ ನಮ್ಮವ್ವನಿಂದ ಬಂದದ್ದು. ನಾನು ಚಿಕ್ಕವಳಿದ್ದಾಗ ಬರ ಬಂದು ಸರ್ಕಾರ ಹೊರದೇಶದ ಜೋಳ ಹಂಚಿತ್ತು. ಅವ್ವ ಅದನ್ನು ಮೊದಲು ಎಮ್ಮೆಗೆ ಇಕ್ಕಿ, ಮಾರನೆಯ ದಿನ ಅದು ಎಂದಿನಂತೆ ಹಾಲು ಕರೆದ ಮೇಲಷ್ಟೇ ನಮಗೆ ಬೇಯಿಸಿದ್ದಳು.

ನಾನೂ ದಿನಾ ಕನ್ನಡಕ ಏರಿಸಿ ಆ ಕಾಳುಗಳನ್ನು ಒಂದೊಂದಾಗಿ ಆರಿಸಿ ಕೋಳಿಗಳಿಗೆ ಚೆಲ್ಲಿದೆ. ಒಂದು ಕೋಳಿಯೂ ಸಾಯಲಿಲ್ಲ. ಆದರೆ ಕೋಳಿ ಬಸುರಿಯಲ್ಲವಲ್ಲ! ತಿಂಗಳು ಕಳೆಯಿತು. ಸೊಸೆ ಎರಡು ಮೆಟ್ಟಿಲು ಹತ್ತಿದರೂ ಏದುಸಿರು ಬಿಡತೊಡಗಿದಳು.

ಅವಳನ್ನು ನೋಡಲು ಬಂದ ಆಶಾ ಕಾರ್ಯಕರ್ತೆ ಅಂಗಳದಲ್ಲೇ ನಿಂತಳು.

"ಅದ್ಯಾಕಜ್ಜಿ ಚೆಲ್ತಿದ್ದೀರಿ?"

"ಕುಲಾಂತರಿ ಕಣವ್ವ. ನಂಗೆಲ್ಲಾ ಗೊತ್ತು."

ಅವಳು ಹಣೆ ಚಚ್ಚಿಕೊಂಡಳು. "ಯಾವ ಕುಲಾಂತರೀನೂ ಅಲ್ಲ! ಅಕ್ಕಿನೇ ಪುಡಿ ಮಾಡಿ, ರಕ್ತಕ್ಕೆ ಬೇಕಾದ ಕಬ್ಬಿಣದಂಶ ಸೇರ್ಸಿ, ಮತ್ತೆ ಕಾಳು ಮಾಡವ್ರೆ. ನಿಮ್ ಕೋಳಿಗಳ್ನ ನೋಡಿ, ಎಂಗೆ ಮಿರಮಿರ ಅಂತವೆ! ಸೊಸೆ ಬಿಳಿಚ್ಕೊಂಡು ಕುಂತವ್ಳೆ."

ಸೊಸೆಯ ಮುಖ ನೋಡಿದೆ. ಆದರೂ ನಂಬಲಿಲ್ಲ. ಇವಳೂ ಸರ್ಕಾರದ ಕಡೆಯವಳೇ ತಾನೆ? ಆರಿಸಿದ ಕಾಳನ್ನೇ ಬೇರೆ ಬೇಯಿಸಿ ಎಂಟು ದಿನ ನಾನೊಬ್ಬಳೇ ತಿಂದೆ.

ಮಗ ನಕ್ಕ. "ಅವ್ವಾ, ಮಗೀನ ಎರೋಳು ನೀನಾ?"

"ಸುಮ್ಕಿರ್ಲಾ! ಏನಾರ ಆದ್ರೆ ನಂಗಾಗ್ಲಿ."

ಏನೂ ಆಗಲಿಲ್ಲ. ಒಂಬತ್ತನೆಯ ದಿನದಿಂದ ಅಕ್ಕಿ ಆರಿಸುವುದನ್ನು ಬಿಟ್ಟೆ. ಆಶಾ ಹೇಳಿದಂತೆ ಊಟವಾದ ಮೇಲೆ ನಿಂಬೆರಸದ ಜೊತೆ ಮಾತ್ರೆ ಕೊಟ್ಟೆ, ವಾಂತಿ ನಿಂತಿತು. ಸೊಪ್ಪು ತಪ್ಪಿಸಲಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ರಕ್ತ ಏರಿತ್ತು. ಅಕ್ಕಿಯಿಂದಲೋ ಮಾತ್ರೆಯಿಂದಲೋ, ನಾನು ಕಾಣೆ.

ಇವತ್ತು ತಾಯಿ ಮಗುವನ್ನು ಮನೆಗೆ ಕರೆತಂದೆವು. ಸಂಜೆ ಬಾಣಂತಿಯ ಮಂಚದ ಸುತ್ತಲೇ ಎಲ್ಲರೂ ಊಟಕ್ಕೆ ಕುಳಿತೆವು. ಸೊಸೆಯ ತಾಯಿ ತಟ್ಟೆಯಿಂದ ಒಂದು ಅಗುಳು ತೆಗೆದು ಹಿಸುಕಿ, ಬೆಳಕಿಗೆ ಹಿಡಿದು ನೋಡಿದರು. ಹೆತ್ತ ಕರುಳು, ನೋಡಲಿ. ಅಷ್ಟರಲ್ಲಿ ಸೊಸೆ, "ಅತ್ತೆ, ಇನ್ನೊಂಚೂರು ಇಕ್ಕಿ" ಎಂದಳು. ಬಿಸಿ ಅನ್ನಕ್ಕೆ ಮೆಣಸಿನ ಸಾರು ಹುಯ್ದು ಕೊಟ್ಟೆ. ಬೀಗಿತಿಯೂ ಕಲಸಿಕೊಂಡು ಉಂಡರು.